ಭಾವನವರು ತೋರಿಸಿದ ಕೆರೆಗಳು

ನನ್ನ ಗಂಡನ ಅಣ್ಣ ಬ್ಯಾಂಕಿನಿಂದ ನಿವೃತ್ತರಾದ ವರ್ಷ ಏಳು ಸೀಟಿನ ಕಾರು ಕೊಂಡರು. ಅಲ್ಲಿಂದ ನಮ್ಮ ಮನೆಯ ಭಾನುವಾರಗಳು ಹಾಳಾದವು.

ವಿಜಯಪುರದ ಕಡೆಯ ಇಂಡಿಯಲ್ಲಿ ನನ್ನದೊಂದು ಬ್ಲೌಸು ಹೊಲಿಯುವ ಅಂಗಡಿ ಇದೆ. ನಮಗೆ ಬೇಸಿಗೆ ಎಂದರೆ ಲಗ್ನಗಳ ಕಾಲ. ವಾರವಿಡೀ ಹೊಲಿಗೆ ಯಂತ್ರದ ಮುಂದೆ ಬಗ್ಗಿ ಕುತ್ತಿಗೆ ಹಿಡಿದಿರುತ್ತದೆ, ಕಣ್ಣು ಉರಿಯುತ್ತಿರುತ್ತದೆ. ಭಾನುವಾರ ಹೊತ್ತೇರುವ ತನಕ ಮಲಗಬೇಕು ಎನ್ನುವುದು ಬಿಟ್ಟರೆ ನನಗೆ ಬೇರೆ ಆಸೆ ಇರಲಿಲ್ಲ. ಆದರೆ ಶನಿವಾರ ಸಂಜೆಯಾದರೆ ಭಾವನವರ ಫೋನು ಬರುತ್ತಿತ್ತು.

"ತಂಗಿ, ನಾಳೆ ಕೆರಿಗಿ ಹೋಗೂದೈತಿ. ಬುತ್ತಿ ಮಾಡ್ಕೊಂಡು ಅವ್ವನ್ನ ತಯಾರ ಮಾಡಿ ಇಡು. ಮನಸ್ಸು ಫ್ರೆಶ್ ಆಗ್ತೈತಿ."

ಯಾರ ಮನಸ್ಸು ಎಂದು ನಾನು ಕೇಳುತ್ತಿರಲಿಲ್ಲ. ಅತ್ತೆ ನಮ್ಮ ಮನೆಯಲ್ಲಿದ್ದರು. ಭಾವನವರದು ಇದೇ ಊರಿನ ಇನ್ನೊಂದು ಓಣಿಯಲ್ಲಿ ದೊಡ್ಡ ಮನೆ, ಆದರೆ ಅವರ ಮನೆಯ ನುಣುಪಾದ ನೆಲದ ಮೇಲೆ ತನಗೆ ಕಾಲು ನಿಲ್ಲುವುದಿಲ್ಲ ಎಂದು ಅತ್ತೆ ನಮ್ಮಲ್ಲೇ ಉಳಿದಿದ್ದರು. ನನ್ನ ಗಂಡನಿಗೆ ಲಿಂಬೆಹಣ್ಣಿನ ವ್ಯಾಪಾರ. ಅಣ್ಣನ ಫೋನು ಬಂದ ಕೂಡಲೇ ಅವರಿಗೆ ಭಾನುವಾರದ ಲೋಡು ನೆನಪಾಗುತ್ತಿತ್ತು. ನಾನು ಕಂಡಂತೆ ಆ ಬೇಸಿಗೆಯ ಹೊರತು ಬೇರೆ ಯಾವಾಗಲೂ ಇಂಡಿಯ ಲಿಂಬೆಹಣ್ಣು ಭಾನುವಾರವೇ ಹೊರಡಬೇಕೆಂದು ಹಟ ಹಿಡಿದದ್ದಿಲ್ಲ.

ಭಾವನವರಿಗೆ ಪ್ರಕೃತಿಯ ಮೇಲೆ ಈ ಪ್ರೀತಿ ಹುಟ್ಟಿದ್ದು ಫೋನಿನಲ್ಲಿ. ನೌಕರಿ ಇರುವ ತನಕ ಅವರು ಗಾಜಿನ ಕೋಣೆಯಲ್ಲಿ ಕುಳಿತು ಎದುರಿಗೆ ರೈತರನ್ನು ನಿಲ್ಲಿಸಿಕೊಂಡವರು. ಮನೆಯ ಮುಂದೆ ಒಂದು ಒಳ್ಳೆಯ ಬೇವಿನ ಗಿಡವಿತ್ತು; ಎಲೆ ಉದುರಿ ಪೋರ್ಟಿಕೋ ಹೊಲಸಾಗುತ್ತದೆ ಎಂದು ಬುಡಸಹಿತ ಕಡಿಸಿದರು. ಅಂಥವರು ನಿವೃತ್ತರಾದ ಮೇಲೆ ಬೀಗರ ವಾಟ್ಸಾಪ್ ಗುಂಪಿನಲ್ಲಿ ದಿನಾ ಮುಂಜಾನೆ ಸೂರ್ಯೋದಯದ ಚಿತ್ರ ಹಾಕತೊಡಗಿದರು. ಆಮೇಲೆ ನಮ್ಮ ಸುತ್ತಲಿನ ತಾಲ್ಲೂಕುಗಳ ಕೆರೆಗಳನ್ನೆಲ್ಲ ಹುಡುಕಿ ತೆಗೆದರು. ಕೆರೆ ಎನ್ನುವ ಶಬ್ದವೂ ಅವರ ಬಾಯಿಗೆ ಸಣ್ಣದಾಯಿತು. 'ಕಣ್ಮನ ತಣಿಸುವ ಜಲತಾಣ' ಎಂದು ಬರೆಯುತ್ತಿದ್ದರು.

ಮೊದಲು ಹೋದದ್ದು ಸಿಂದಗಿಗೆ. ಬುತ್ತಿಗಾಗಿ ನಾನು ಇನ್ನೂ ಕತ್ತಲಿರುವಾಗಲೇ ಎದ್ದು ರೊಟ್ಟಿ ಬಡಿದೆ, ಎಣ್ಣೆಗಾಯಿ ಮಾಡಿದೆ, ಶೇಂಗಾ ಹಿಂಡಿ ಕುಟ್ಟಿದೆ, ಮೊಸರನ್ನ ಕಲಸಿದೆ. ಭಾವನವರ ಹೆಂಡತಿ, ಅಂದರೆ ನನ್ನ ನೆಗೆಣ್ಣಿ, ತಂದದ್ದು ಚಿಪ್ಸಿನ ಪೊಟ್ಟಣ ಮತ್ತು ಕಾಗದದ ತಟ್ಟೆಗಳು. ಅತ್ತೆಯನ್ನು ಮುಂದಿನ ಸೀಟಿನಲ್ಲಿ ಕೂರಿಸಿದರು. ಎ.ಸಿ.ಯ ಗಾಳಿ ಕಿವಿಗೆ ಹೊಡೆಯುತ್ತದೆ ಎಂದು ಅವರು ಸೆರಗನ್ನು ತಲೆಗೂ ಕಿವಿಗೂ ಬಿಗಿಯಾಗಿ ಸುತ್ತಿಕೊಂಡು ಕುಳಿತರು.

ನಾವು ಹೋಗಿ ಮುಟ್ಟುವ ಹೊತ್ತಿಗೆ ಬಿಸಿಲು ನೆತ್ತಿ ಸುಡುತ್ತಿತ್ತು. ಕೆರೆಯಲ್ಲಿ ನೀರಿತ್ತು, ಸುಳ್ಳು ಹೇಳಬಾರದು. ಕಾಲುವೆಯಿಂದ ಬಿಟ್ಟ ನೀರು ನಡುವೆ ನಿಂತಿತ್ತು. ಅದರ ಸುತ್ತ ಒಡೆದ ಕರಿಮಣ್ಣು, ಮಣ್ಣಿನ ಮೇಲೆ ಉಪ್ಪಿನಂಥ ಬಿಳಿ ಪದರು, ದಂಡೆಗೆ ಚಿಪ್ಸಿನ ಖಾಲಿ ಪೊಟ್ಟಣಗಳು. ಏರಿಯ ಮೇಲೆ ನೆರಳೆಂದರೆ ಒಂದೇ ಒಂದು ಜಾಲಿಗಿಡ. ಅದರ ಕೆಳಗೆ ಎಮ್ಮೆಗಳು ಮಲಗಿದ್ದವು. ಭಾವನವರಿಗೆ ಆ ಗಿಡದ ಕೆಳಗೆ ನಮ್ಮನ್ನು ಕೂರಿಸಿ ಫೋಟೋ ಹೊಡೆಯುವ ಮನಸ್ಸಾಯಿತು. ಎಮ್ಮೆ ಕಾಯುತ್ತಿದ್ದವನನ್ನು ಕರೆದು, "ಇವನ್ನೊಂದಿಷ್ಟು ಆ ಕಡಿ ಹೊಡೀಪಾ" ಎಂದರು.

ಅವನು ಕುಳಿತಲ್ಲಿಂದ ಏಳಲಿಲ್ಲ. "ಎಮ್ಮಿಗೇ ಹೇಳಿ ನೋಡ್ರಿ ಸಾಹೇಬ್ರ. ನನ್ನ ಮಾತ ಕೇಳಾಂಗಿಲ್ಲ ಅವು" ಎಂದ.

ಭಾವನವರು ಎಮ್ಮೆಗಳಿಗೆ ಹೇಳಲಿಲ್ಲ. ಕೊನೆಗೆ ನಾವು ಕಾರಿನೊಳಗೇ ಕಿಟಕಿ ಏರಿಸಿಕೊಂಡು, ಎ.ಸಿ. ಹಾಕಿಕೊಂಡು, ತೊಡೆಯ ಮೇಲೆ ಕಾಗದದ ತಟ್ಟೆ ಇಟ್ಟುಕೊಂಡು, ಗಾಜಿನಿಂದ ಕೆರೆ ನೋಡುತ್ತ ಉಂಡೆವು. ಎಣ್ಣೆಗಾಯಿಯ ರಸ ಹೊಸ ಸೀಟಿನ ಮೇಲೆ ಚೆಲ್ಲಿತು. ನೆಗೆಣ್ಣಿ ಹಿಂತಿರುಗುವ ದಾರಿಯುದ್ದಕ್ಕೂ ಅದನ್ನು ಒದ್ದೆ ಬಟ್ಟೆಯಿಂದ ತಿಕ್ಕುತ್ತಿದ್ದಳು.

"ಹೆಂಗಿತ್ತು ಅವ್ವಾ ಕೆರಿ?" ಎಂದು ಭಾವನವರು ಕೇಳಿದರು.

"ನೀರ ಅದಾವ" ಎಂದರು ಅತ್ತೆ.

ಮುಂದೆ ಯಾವ ಕೆರೆಗೆ ಹೋದರೂ ಅವರದು ಅದೇ ಉತ್ತರ. ಕಾರಿನ ಬಾಗಿಲು ತೆಗೆದು ಕಾಲು ಹೊರಗಿಟ್ಟು ಕುಳಿತು ಎಲೆಅಡಿಕೆ ಜಗಿಯುವರು. ಇಳಿಯೆಂದರೆ ಒಲ್ಲೆ ಎನ್ನುವರು. ನೀರ ಅದಾವ ಎನ್ನುವರು.

ಹೂವಿನ ಹಿಪ್ಪರಗಿಯ ಆಚೆ ಒಂದು ಕೆರೆಗೆ ವಿದೇಶದಿಂದ ಹಕ್ಕಿಗಳು ಬರುತ್ತವೆ ಎಂದು ಭಾವನವರು ಎಲ್ಲೋ ಓದಿದ್ದರು. ಹೋದೆವು. ದೂರದ ದಂಡೆಯಲ್ಲಿ ಬೆಳ್ಳಗೆ ಸಾಲಾಗಿ ಏನೋ ಕಾಣಿಸಿತು. ಭಾವನವರು ಬಾಯಿಯ ಮೇಲೆ ಬೆರಳಿಟ್ಟು ನಮ್ಮನ್ನೆಲ್ಲ ಸುಮ್ಮನಿರಿಸಿ, ಬಗ್ಗಿ ಬಗ್ಗಿ ನಡೆಯುತ್ತ ಫೋಟೋ ಹೊಡೆಯುತ್ತ ಹೋದರು. ಹಕ್ಕಿಗಳು ಹಾರಲಿಲ್ಲ. ಹತ್ತಿರ ಹೋದ ಮೇಲೆ ನೋಡಿದರೆ ಗೊಬ್ಬರದ ಖಾಲಿ ಚೀಲಗಳು, ಜಾಲಿಯ ಮುಳ್ಳಿಗೆ ಸಿಕ್ಕಿ ಗಾಳಿಗೆ ಅಲ್ಲಾಡುತ್ತಿದ್ದವು. ಅವರು ತಿರುಗಿ ಬಂದು ಕಾರು ಹತ್ತಿದರು. ಆ ಸಂಜೆ ಗುಂಪಿನಲ್ಲಿ ಬಂದ ಚಿತ್ರವನ್ನು ನಾನು ನೋಡಿದೆ. ದೂರದಿಂದ ತೆಗೆದದ್ದು. 'ಅತಿಥಿಗಳು' ಎಂದಷ್ಟೇ ಬರೆದಿದ್ದರು. ಮುಂಬಯಿಯ ಬೀಗರು ಕೈ ಮುಗಿದ ಚಿಹ್ನೆ ಕಳಿಸಿದ್ದರು.

ಮುದ್ದೇಬಿಹಾಳದ ಕಡೆ ಹೋದಾಗ ನನ್ನ ಕಸುಬಿನ ಕಣ್ಣಿಗೆ ಒಂದಿಷ್ಟು ಕೆಲಸ ಸಿಕ್ಕಿತು. ನೀರಿನ ದಂಡೆಗೆ ಮದುವೆಗೆ ಮೊದಲಿನ ಫೋಟೋ ತೆಗೆಸುವ ಜೋಡಿಗಳು ಬಂದಿದ್ದವು. ಒಬ್ಬ ಹುಡುಗಿ ಬಾಡಿಗೆಯ ಉದ್ದನೆಯ ಕೆಂಪು ಗೌನು ಹಾಕಿಕೊಂಡು ಬಂಡೆಯ ಮೇಲೆ ನಿಂತಿದ್ದಳು. ಮುಂದಿನಿಂದ ನೋಡಿದರೆ ರಾಣಿ. ಹಿಂದೆ ಹೋಗಿ ನೋಡಿದರೆ ಗೌನು ಅವಳಿಗೆ ಎರಡು ಪಟ್ಟು ದೊಡ್ಡದು. ಬೆನ್ನುದ್ದಕ್ಕೂ ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಸಿಕ್ಕಿಸಿ ಬಿಗಿ ಮಾಡಿದ್ದರು. ಮದುವೆಯಾಗುವ ಹುಡುಗ ಕೋಟಿನೊಳಗೆ ಬೆವರಿ ತೊಯ್ದು, ನೀರಿನ ಕಡೆ ಕೈ ಚಾಚಿ, ಏನೂ ಇಲ್ಲದ ಕಡೆ ಏನನ್ನೋ ತೋರಿಸುತ್ತಿದ್ದ. ಫೋಟೋದವನು ಕೂಗುತ್ತಿದ್ದ: "ನಗಬ್ಯಾಡ್ರಿ, ಪ್ರೀತಿಲೆ ನೋಡ್ರಿ."

ನೆಗೆಣ್ಣಿ ಅದನ್ನು ನೋಡಿ ನಿಟ್ಟುಸಿರುಬಿಟ್ಟಳು. "ನಮ್ಮ ಕಾಲಕ್ಕ ಇವೆಲ್ಲಾ ಎಲ್ಲಿದ್ದೂ?" ಎಂದಳು.

"ಕ್ಲಿಪ್ ಇದ್ದೂ ಅಕ್ಕಾ" ಎಂದೆ.

ಅವಳಿಗೆ ತಿಳಿಯಲಿಲ್ಲ. ಭಾವನವರು ನಮ್ಮಿಬ್ಬರನ್ನೂ ಅದೇ ಬಂಡೆಯ ಮೇಲೆ ನಿಲ್ಲಿಸಿ, ದೂರ ನೋಡಿರಿ ಎಂದರು. ನಾನು ದೂರ ನೋಡಿದೆ. ದೂರದಲ್ಲಿ ಒಬ್ಬಳು ದಂಡೆಯ ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದಳು. ನಾಲ್ಕು ತಾಲ್ಲೂಕಿನ ಕೆರೆ ಸುತ್ತಿದ ನನಗೆ ಕಾರಣವಿದ್ದು ನೀರಿನ ಹತ್ತಿರ ಬಂದವಳಾಗಿ ಕಂಡದ್ದು ಅವಳೊಬ್ಬಳು.

ಈ ಕೆರೆಯ ಊರುಗಳೂ ಒಂದೇ ಅಚ್ಚಿನವು. ಒಂದು ಚಹಾದ ಅಂಗಡಿ, ಗಾಜಿನ ಪೆಟ್ಟಿಗೆಯಲ್ಲಿ ನಿನ್ನೆಯ ಮಿರ್ಚಿ ಭಜಿ, ಬೀಗ ಹಾಕಿದ ಶೌಚಾಲಯ, ಅದರ ಬೀಗದ ಕೈ ಯಾರ ಹತ್ತಿರವಿದೆಯೋ ಆ ಮನುಷ್ಯ ಯಾವಾಗಲೂ ಊಟಕ್ಕೆ ಹೋಗಿರುತ್ತಾನೆ. ಈಚೆಗೆ ಎಲ್ಲ ಕಡೆ ಆಳೆತ್ತರದ ಅಕ್ಷರಗಳಲ್ಲಿ ಊರಿನ ಹೆಸರು ಬರೆದು, ಮುಂದೊಂದು ಕೆಂಪು ಹೃದಯ ನಿಲ್ಲಿಸಿದ್ದಾರೆ. ತಮ್ಮ ಊರನ್ನು ತಾವು ಪ್ರೀತಿಸುತ್ತೇವೆ ಎಂದು ಸಿಮೆಂಟಿನಲ್ಲಿ ಬರೆದುಕೊಳ್ಳುವ ಗತಿ ಜನಕ್ಕೆ ಯಾಕೆ ಬಂತೋ. ಒಂದು ಕಡೆ ಆ ಹೃದಯದ ಹಿಂದೆ ಕೋಳಿಯ ಪುಕ್ಕಗಳ ರಾಶಿ ಬಿದ್ದಿತ್ತು. ಭಾವನವರು ಪುಕ್ಕ ಕಾಣದ ಹಾಗೆ ಫೋಟೋ ತೆಗೆದರು. ಆ ಕೆಲಸದಲ್ಲಿ ಅವರಿಗೆ ಒಳ್ಳೆಯ ಕೈ ಕೂಡಿತ್ತು.

ಮೇ ತಿಂಗಳ ನಡುವೆ ಒಂದು ದಿನ ಅವರು ಅಂಗಡಿಗೇ ಬಂದರು. ಚೀಲದಲ್ಲಿ ರವಿಕೆಯ ಒಂದು ಖಣ ಇತ್ತು. ಅತ್ತೆಗೆ ಹಳೆಯ ಪದ್ಧತಿಯ ಕುಬಸ ಹೊಲಿಯಬೇಕಂತೆ, ಬರುವ ಭಾನುವಾರದೊಳಗೆ. ಇಳಕಲ್ ಸೀರೆಯ ಮೇಲೆ ಅದನ್ನೇ ತೊಡಿಸಬೇಕಂತೆ.

"ಯಾಕ್ರಿ, ಲಗ್ನ ಐತೇನು?" ಎಂದು ಕೇಳಿದೆ.

"ಅವ್ವನ ತವರೂರ ನೀರಾಗ ಹೋಗಿತ್ತಲ್ಲ ತಂಗಿ. ಈ ಸಲ ಹಿನ್ನೀರು ಭಾಳ ಇಳದೈತಿ. ಊರ ಮ್ಯಾಲ ಬಂದೈತಂತ. ಅವ್ವನ್ನ ಕರಕೊಂಡು ಹೋಗಿ ತೋರಸ್ತೇನಿ. ಅಕಿಗಿ ಹೇಳಬ್ಯಾಡ, ವಿಡಿಯೋದಾಗ ಖರೇ ಖರೇ ಬರಬೇಕು."

ಅತ್ತೆಯ ತವರು ಕೃಷ್ಣೆಯ ದಂಡೆಯ ಒಂದು ಹಳ್ಳಿ, ಹಿಂದೆ ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿದ್ದದ್ದು. ಅಣೆಕಟ್ಟಿನ ಹಿನ್ನೀರಿನಲ್ಲಿ ಊರು ಮುಳುಗುವ ಹೊತ್ತಿಗೆ ಅವರು ಇಂಡಿಗೆ ಬಂದು ಎಷ್ಟೋ ವರ್ಷವಾಗಿತ್ತು, ಮೊಮ್ಮಕ್ಕಳಾಗಿದ್ದವು. ಅಣ್ಣಂದಿರು ಹೊಸ ಊರಿಗೆ ಹೋಗಿ ಅಲ್ಲೇ ತೀರಿಕೊಂಡರು. ಅತ್ತೆ ಆ ಊರಿನ ಸುದ್ದಿ ಎತ್ತಿದ್ದನ್ನು ನಾನು ಕೇಳಿಯೇ ಇರಲಿಲ್ಲ. ದುಃಖಕ್ಕೆ ಎತ್ತುವುದಿಲ್ಲ ಎಂದು ನಾವೆಲ್ಲ ತಿಳಿದಿದ್ದೆವು. ಹಾಗಾಗಿ ನನಗೆ ಸಿಟ್ಟು ಬಂತು. ಮುದುಕಿಯ ಕಣ್ಣೀರು ತೆಗೆದು ಬೀಗರಿಗೆ ಹಂಚಲು ಹೊರಟಿದ್ದಾರಲ್ಲ ಎನಿಸಿತು. ಆದರೂ ಕುಬಸ ಹೊಲಿದೆ. ಅಂಚಿನ ಬಣ್ಣ ಚೆನ್ನಾಗಿತ್ತು.

ಆ ಭಾನುವಾರ ವಿಜಯಪುರ ದಾಟಿ ಕೊಲ್ಹಾರದ ಹಾದಿ ಹಿಡಿದಾಗ ಭಾವನವರು ಕನ್ನಡಿಯಲ್ಲಿ ನಮ್ಮನ್ನು ನೋಡಿ ಕಣ್ಣು ಮಿಟುಕಿಸಿದರು.

"ಅವ್ವಾ, ಇವತ್ತ ನಿನಗೊಂದು ಸರ್‌ಪ್ರೈಜ್ ಐತಿ."

"ನನಗ ಒಂದಕ್ಕ ಬಂದೈತಿ. ಮೊದಲ ಗಾಡಿ ನಿಲ್ಲಸು" ಎಂದರು ಅತ್ತೆ.

ಕೊಲ್ಹಾರದಿಂದ ಒಳಗಿನ ಹಾದಿ ಹಿಡಿದು, ಕಬ್ಬಿನ ಹೊಲಗಳ ನಡುವೆ ಹಾಯ್ದು, ಟ್ರ್ಯಾಕ್ಟರ್ ಗಾಲಿಯ ಗುರುತಿನ ಮೇಲೆ ನೀರಿನ ಕಡೆ ಹೋದೆವು. ಕಾರು ನಿಂತಲ್ಲಿಂದ ಮುಂದೆ ಬೂದಿಬಣ್ಣದ ಬಯಲು. ಹೂಳು ಒಣಗಿ ಬಿರಿದಿತ್ತು. ಅದರೊಳಗಿಂದ ಗೋಡೆಗಳ ಬುಡ, ಬಾಗಿಲಿನ ಹೊಸ್ತಿಲ ಕಲ್ಲು, ಗುಡಿಯ ಎರಡು ಕಂಬ ತಲೆ ಎತ್ತಿದ್ದವು. ಆಚೆ ನೀರು ಬೆಳ್ಳಗೆ ಹೊಳೆಯುತ್ತಿತ್ತು. ನಮಗಿಂತ ಮೊದಲೇ ಮಂದಿ ಬಂದಿದ್ದರು. ಕಾಲೇಜಿನ ಹುಡುಗರ ಒಂದು ಗುಂಪು ಗುಡಿಯ ಕಂಬಕ್ಕೆ ಆತು ನಿಂತು ಫೋಟೋ ಹೊಡೆಸಿಕೊಳ್ಳುತ್ತಿತ್ತು. ಕಪ್ಪು ಕನ್ನಡಕದ ಒಬ್ಬ ಹೆಂಗಸು, ನಮ್ಮ ಕಡೆಯವಳಲ್ಲ, ಕಲ್ಲುಗಳನ್ನು ಸವರುತ್ತ ಅಡ್ಡಾಡುತ್ತಿದ್ದಳು.

ಅತ್ತೆ ಇಳಿಯಲು ಒಲ್ಲೆ ಎನ್ನುತ್ತಾರೆ ಎಂದುಕೊಂಡಿದ್ದೆ. ಇಳಿದರು. ನನ್ನ ಕೈ ಹಿಡಿದು, ಯಾರನ್ನೂ ಕೇಳದೆ, ಎರಡು ಗೋಡೆಗಳ ನಡುವಿನ ಓಣಿಯಲ್ಲಿ ನಡೆದರು. ಒಂದು ಕಡೆ ತಿರುಗಿದರು. ನೆಲದಲ್ಲಿ ಹುಗಿದ ಒರಳುಕಲ್ಲಿನ ಮುಂದೆ ನಿಂತರು. ಭಾವನವರು ಫೋನು ಹಿಡಿದು ಹಿಂದಿಂದೆ ಬರುತ್ತಿದ್ದರು.

"ಇದs ಮನಿ ಏನವ್ವಾ?"

"ಇದs."

"ಏನ ಅನಸ್ತೈತಿ?"

"ಬಿಸಲ ಭಾಳ ಐತಿ."

ಭಾವನವರು ಫೋನು ಇಳಿಸಿ, ಬೆವರು ಒರೆಸಿಕೊಂಡು, ಮತ್ತೆ ಎತ್ತಿದರು. "ಅವ್ವಾ, ಹಂಗಲ್ಲ. ಕೆಳಗ ಕುಂದ್ರು. ಮಣ್ಣ ಮುಟ್ಟಿ ಹಣಿಗಿ ಹಚ್ಚಿಕೊ. ನಿನ್ನ ತವರಮನಿ ಅಲ್ಲೇನು?"

"ಹಚ್ಚಿಕೊಂಡು ಏನ ಮಾಡ್ಲಿ?"

"ಕಣ್ಣಾಗ ನೀರ ಬರವಲ್ವೇನು ನಿನಗ?"

ಅತ್ತೆ ಅವರನ್ನು ನೋಡಿದರು. ಆಮೇಲೆ ನೀರಿನ ಕಡೆ ಕೈ ಮಾಡಿದರು. ಅಷ್ಟು ದಿನಗಳಲ್ಲಿ ಅವರು ಅಷ್ಟು ಮಾತಾಡಿದ್ದು ಅದೇ ಮೊದಲು.

"ಆವಾಗ ಹೊಳಿ ಅಲ್ಲಿ ತೆಳಗ ಇತ್ತು. ಮುಂಜಾನೆ ಸಂಜಿ ಕೊಡ ಹೊತಗೊಂಡು ಈ ಏರ ಏರಬೇಕು. ನಿಮ್ಮ ಮಾವಂದ್ರು ಜಳಕಾ ಮಾಡಿ ಕಟ್ಟಿ ಮ್ಯಾಲ ಕೂಡ್ತಿದ್ರು. ಆ ನೀರ ನಾ ಹೊರ್ತಿದ್ದೆ. ದನಕ್ಕ ನಾ ಹೊರ್ತಿದ್ದೆ. ಬೀಗರ ಬಂದ್ರ ಅವರ ಕಾಲಿಗಿ ನಾ ಹೊರ್ತಿದ್ದೆ. ಸಾಲಿಗಿ ಹೋಗ್ತೇನಂದ್ರ ನೀರ ಯಾರ ತರ್ತಾರ ಅಂತಿದ್ರು. ಒಮ್ಮೆ ಜಾರಿ ಬಿದ್ದು ಗಡಿಗಿ ಒಡೀತು. ನಮ್ಮಪ್ಪ ಓಡಿ ಬಂದು ಗಡಿಗಿ ನೋಡಿದ. ನನ್ನ ನೋಡಲಿಲ್ಲ."

"ಅವ್ವಾ..."

"ಲಗ್ನ ಆಗಿ ಇಂಡಿಗಿ ಬಂದೆ. ಮನಿ ಮುಂದs ಬಾಂವಿ ಇತ್ತು. ಅದನ್ನ ನೋಡಿ ನಾ ಎಲ್ಲಾರ ಮುಂದ ನಕ್ಕಬಿಟ್ಟೆ. ಮದಲಗಿತ್ತಿ ಹಲ್ಲ ತಗೀತಾಳ ಅಂತ ನಿಮ್ಮಜ್ಜಿ ಬೈದ್ಲು. ಈಗ ನೋಡು, ಹೊಳಿ ತಾನs ಇಲ್ಲಿತನಕ ಬಂದೈತಿ. ಬರ್ಲಿ. ಛಲೋ ಆತು."

"ಹುಟ್ಟಿದ ಊರಿಗಿ ಹಂಗ ಅನಬಾರದವ್ವಾ."

"ಹುಟ್ಟಿದಾಕಿ ನಾ. ನಿನಗ ಅಳೂ ಬಂದಿದ್ರ ನೀ ಅಳು. ತಾ ಇಲ್ಲಿ ಫೋನು, ನಾ ಹೊಡೀತೇನಿ ನಿನ್ನ ಫೋಟೋ."

ನಗು ತಡೆಯಲು ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ನೆಗೆಣ್ಣಿ ಎಲ್ಲೋ ನೋಡುತ್ತಿದ್ದಳು. ಅಷ್ಟರಲ್ಲಿ ಕಪ್ಪು ಕನ್ನಡಕದ ಹೆಂಗಸು ಬಂದು, ಇದು ಈ ಅಜ್ಜಿಯ ಊರು ಎಂದು ಭಾವನವರಿಂದ ತಿಳಿದು, ಅತ್ತೆಯ ಹೆಗಲ ಮೇಲೆ ಕೈಯಿಟ್ಟು ತಾನೇ ಅಳತೊಡಗಿದಳು. "ಎಷ್ಟು ನೋವಾಗಿರಬೇಕು ಅಜ್ಜಿ ನಿಮಗೆ" ಎಂದಳು. ಅತ್ತೆ ಆ ಕೈಯನ್ನು ಮೆಲ್ಲಗೆ ಎತ್ತಿ ಕೆಳಗಿಟ್ಟರು, ಅಂಗಡಿಯಲ್ಲಿ ಬೇಡವಾದ ಬಟ್ಟೆಯನ್ನು ಪಕ್ಕಕ್ಕೆ ಇಡುವ ಹಾಗೆ.

ಭಾವನವರು ಪೂಜೆಗೆಂದು ತೆಂಗಿನಕಾಯಿ, ಹೂವು ತಂದಿದ್ದರು. ಅತ್ತೆ ಕಾಯಿ ಕೇಳಿ ಇಸಿದುಕೊಂಡರು. ಭಾವನವರ ಮುಖ ಅರಳಿತು, ಫೋನು ಮತ್ತೆ ಮೇಲಕ್ಕೇರಿತು. ಅತ್ತೆ ಒರಳಿನ ಅಂಚಿಗೆ ಕಾಯಿ ಒಡೆದು, ನೀರು ಕುಡಿದು, ಒಂದು ಚೂರು ನನ್ನ ಕೈಗೆ ಕೊಟ್ಟು, ಒಂದನ್ನು ತಾನು ಬಾಯಿಗೆ ಹಾಕಿಕೊಂಡರು. "ಹಸಿವಿ ಆಗೇತಿ" ಎಂದರು.

ಕೊಲ್ಹಾರಕ್ಕೆ ಬಂದು ರಸ್ತೆಯ ಬದಿ ಗಡಿಗೆಯ ಮೊಸರು ಮಾರುವಲ್ಲಿ ನಿಲ್ಲಿಸಿದೆವು. ಕೆನೆಗಟ್ಟಿದ ಮೊಸರು, ಚಾಕುವಿನಿಂದ ಕೊಯ್ಯುವ ಹಾಗಿತ್ತು. ನನ್ನ ರೊಟ್ಟಿ, ಹಿಂಡಿ, ಆ ಮೊಸರು. ಅತ್ತೆ ಮತ್ತೆ ಮತ್ತೆ ಹಾಕಿಸಿಕೊಂಡು ಉಂಡರು. ಆ ಬೇಸಿಗೆಯ ಎಲ್ಲ ತಿರುಗಾಟಗಳಲ್ಲಿ ನನಗೆ ಸುಖವೆನಿಸಿದ್ದು ಆ ಊಟ ಮಾತ್ರ. ಅಲ್ಲಿಂದ ಕೆರೆಯೂ ಹೊಳೆಯೂ ಕಾಣುತ್ತಿರಲಿಲ್ಲ. ಭಾವನವರು ಉಣ್ಣಲಿಲ್ಲ, ಕಾರಿಗೆ ಒರಗಿ ಫೋನು ತಿದ್ದುತ್ತಿದ್ದರು.

ಮರುದಿನ ವಿಡಿಯೋ ಬಂತು. ಹಿಂದೆ ಕೊಳಲು. ಅತ್ತೆ ಓಣಿಯಲ್ಲಿ ನಡೆಯುತ್ತಿದ್ದಾರೆ, ಬೆನ್ನು ಮಾತ್ರ ಕಾಣುತ್ತದೆ. ಆಮೇಲೆ ಬಗ್ಗಿ ನೆಲಕ್ಕೆ ಕೈ ಹಾಕುತ್ತಾರೆ, ನಿಧಾನವಾಗಿ, ತಲೆ ತಗ್ಗಿಸಿ. ಅದರ ಕೆಳಗೆ 'ಹುಟ್ಟಿದ ಮಣ್ಣಿಗೆ ಹಣೆ ಹಚ್ಚಿದ ನನ್ನ ತಾಯಿ' ಎಂದು ಬರೆದಿತ್ತು. ನಾನು ಪಕ್ಕದಲ್ಲೇ ಇದ್ದವಳು. ಅವರು ಬಗ್ಗಿದ್ದು ಚಪ್ಪಲಿಯಲ್ಲಿ ಸಿಕ್ಕಿದ್ದ ಹರಳು ತೆಗೆಯಲು. ಹಿಡಿದುಕೊಂಡಿದ್ದ ನನ್ನ ಕೈಯನ್ನು ವಿಡಿಯೋದಿಂದ ಕತ್ತರಿಸಿದ್ದರು. ಕೊನೆಗೆ ಕಪ್ಪು ಕನ್ನಡಕದವಳು ಅಳುವುದಿತ್ತು.

ಬೀಗರ ಫೋನುಗಳು ಶುರುವಾದವು. ಸೊಲ್ಲಾಪುರದಿಂದ, ಮುಂಬಯಿಯಿಂದ, ಹೊರ್ತಿಯಿಂದ. ನಾನು ಫೋನನ್ನು ಅತ್ತೆಯ ಕಿವಿಗೆ ಹಿಡಿಯುತ್ತಿದ್ದೆ. ಆ ಕಡೆಯವರು ಸಮಾಧಾನ ಹೇಳುವರು. ಇವರು ಕೇಳುವಷ್ಟು ಕೇಳಿ, "ಅತ್ತಿಲ್ಲವ್ವಾ ನಾ. ಚಪ್ಪಲ್ದಾಗ ಹರಳ ಸಿಕ್ಕಿತ್ತು" ಎನ್ನುವರು. ಆ ಕಡೆಯವರು ಇನ್ನಷ್ಟು ಅಳುವರು. ನಾಲ್ಕು ಮಂದಿಗೆ ಹೇಳಿ ಸಾಕಾಗಿ ಅತ್ತೆ ಭಾವನವರನ್ನು ಕರೆಸಿ, ಅದನ್ನು ತೆಗೆದುಹಾಕು ಎಂದರು. ಭಾವನವರು ಹೂಂ ಎಂದು ಹೋದರು, ತೆಗೆಯಲಿಲ್ಲ. ಜನ ಅಷ್ಟು ಮೆಚ್ಚಿಕೊಂಡದ್ದು ಅವರ ಜೀವನದಲ್ಲಿ ಅದೊಂದೇ ಇರಬೇಕು.

ಮುಂದಿನ ಭಾನುವಾರ ಕಾರು ಬಂದು ಮನೆಯ ಮುಂದೆ ಹಾರ್ನ್ ಹೊಡೆಯಿತು. ಅತ್ತೆ ಪಡಸಾಲೆಯಲ್ಲಿ ಮೆಂತೆಸೊಪ್ಪು ಬಿಡಿಸುತ್ತಿದ್ದರು. "ಮೊಣಕಾಲ ನೂಸ್ತಾವ, ಬರೂದಿಲ್ಲಂತ ಹೇಳು" ಎಂದರು. ಅವರು ಬರದಿದ್ದರೆ ನೋಡಿಕೊಳ್ಳಲು ನಾನು ಉಳಿಯಲೇಬೇಕು. ಹೊರಗೆ ಹೋಗಿ ಹೇಳಿದೆ. ಭಾವನವರು ಗಾಜು ಏರಿಸಿಕೊಂಡು ಹೋದರು. ಹಿಂದಿನ ಸೀಟಿನಿಂದ ನೆಗೆಣ್ಣಿ ನನ್ನನ್ನು ನೋಡಿದ ನೋಟ ಹೊಟ್ಟೆಕಿಚ್ಚಿನದೇ ಹೌದು.

ಅಂದು ಮಧ್ಯಾಹ್ನ ಸೊಪ್ಪಿನ ಪುಟ್ಟಿಯ ಇನ್ನೊಂದು ಬದಿಗೆ ಕುಳಿತು ನಾನು ಕೇಳಿದೆ. "ಅತ್ತಿ, ಖರೇನs ಏನೂ ಅನಸಲಿಲ್ಲೇನ್ರಿ ನಿಮಗ? ಒಂದೀಟೂ?"

ಅವರು ಸೊಪ್ಪಿನ ಒಂದು ಸಿವುಡು ಬಿಡಿಸಿ ಮುಗಿಸಿದರು.

"ನೀನೂ ನೋಡಾಕತ್ತಿದ್ದಿ" ಎಂದರು. "ಅವ ಫೋನ್ ಹಿಡಕೊಂಡು ನೋಡ್ತಿದ್ದ, ನೀ ಹಿಡಕೊಳ್ಳದ ನೋಡ್ತಿದ್ದಿ. ಅಷ್ಟs ಫರಕ. ನಾ ಅಳ್ತೇನೋ ಇಲ್ಲೋ ಅಂತ ನನ್ನ ಮಾರಿನs ನೋಡ್ತಿದ್ರಿ ಇಬ್ಬರೂ."

ಹೌದು, ನೋಡುತ್ತಿದ್ದೆ. ಭಾವನವರನ್ನು ತುಚ್ಛವಾಗಿ ಕಾಣುವುದರಲ್ಲಿ ನಾನು ಎಷ್ಟು ಮುಳುಗಿದ್ದೆನೆಂದರೆ ಅತ್ತೆಗೆ ನಾನೂ ಒಂದು ಜೊತೆ ಕಣ್ಣು ಎನ್ನುವುದು ಹೊಳೆದಿರಲಿಲ್ಲ. ಸೊಪ್ಪಿನ ಕಡ್ಡಿಗಳನ್ನು ಬಾಚಿ ಓಣಿಯಲ್ಲಿ ಎಮ್ಮೆ ಕಟ್ಟಿದವರ ಮನೆಗೆ ಕೊಟ್ಟು ಬಂದೆ.

ಅದಾದ ಮೇಲೆ ಅತ್ತೆ ಆಗೊಮ್ಮೆ ಈಗೊಮ್ಮೆ ಆ ಊರಿನ ಮಾತು ತಾವಾಗಿ ತೆಗೆಯುತ್ತಾರೆ. ನಾನು ಬೇರೇನೋ ಮಾಡುತ್ತಿರುವಾಗ, ನನ್ನ ಬೆನ್ನಿಗೆ ಹೇಳುತ್ತಾರೆ. ಓಣಿಯ ತುದಿಯಲ್ಲಿ ಒಬ್ಬಳು ಗೆಳತಿ ಇದ್ದಳಂತೆ, ಕೊಡ ಇಳಿಸಿ ಇಬ್ಬರೂ ಹುಣಸೆಕಾಯಿ ತಿನ್ನುತ್ತಿದ್ದರಂತೆ, ಅವಳ ಲಗ್ನ ಎಲ್ಲಿಗೆ ಆಯಿತೋ ತಿಳಿಯದಂತೆ. ನಾನು ತಿರುಗಿ ನೋಡುವುದಿಲ್ಲ. ಹೂಂ ಎನ್ನುತ್ತೇನೆ, ಮನೆಯಲ್ಲಿಟ್ಟ ಹಳೆಯ ಯಂತ್ರ ತುಳಿಯುತ್ತೇನೆ.

ಭಾವನವರು ಈ ಬೇಸಿಗೆ ಕೆರೆಗಳನ್ನು ಬಿಟ್ಟು ಕೋಟೆಗಳನ್ನು ಹಿಡಿದಿದ್ದಾರೆ. ಕೆರೆಗೆ ಹೋಲಿಸಿದರೆ ಕೋಟೆಯಲ್ಲಿ ಹತ್ತುವ ಕಷ್ಟ ಬೇರೆ. ನೆಗೆಣ್ಣಿಯ ಮುಖ ಬಿಸಿಲಿಗೆ ಕಪ್ಪಾಗಿ ಚರ್ಮ ಸುಲಿಯುತ್ತಿದೆ. ಮೊನ್ನೆ ಅಂಗಡಿಗೆ ಬಂದು, ತೋಳುದ್ದದ ಬ್ಲೌಸು ಹೊಲಿದುಕೊಡು ಎಂದು ಕೇಳಿದಳು. ಹತ್ತಿಯದು, ಸಡಿಲಾಗಿ, ಮಣಿಕಟ್ಟಿನ ತನಕ. ಬೇಗ ಬೇಕು ಎಂದಳು, ಭಾನುವಾರದೊಳಗೆ. ಅಳತೆ ತೆಗೆದುಕೊಂಡೆ.